ಕೊಟ್ರೇಶನ ಭುಜದ ಕಾವು

ಹೋದ ತಿಂಗಳು ತೆಲಿಗಿಯಲ್ಲಿ ಒಂದು ಹಳೆ ಟ್ರ್ಯಾಕ್ಟರ್ ನೋಡಲು ಹೋಗಿದ್ದೆ. ಮೊದಲು ನಾನು ಎತ್ತಿನ ದಲಾಲಿ. ಎತ್ತುಗಳು ಹೊಲ ಬಿಟ್ಟ ಮೇಲೆ ಹಳೆ ಟ್ರ್ಯಾಕ್ಟರ್ ಕೊಡಿಸುವ, ಮಾರಿಸುವ ಕೆಲಸಕ್ಕೆ ಇಳಿದೆ. ಟ್ರ್ಯಾಕ್ಟರಿನ ಮನೆಯವರು ಒಳಗೆ ಚಹಾಕ್ಕೆ ಇಟ್ಟಿದ್ದರು. ನಾನು ಸುಮ್ಮನೆ ಅಂಗಳಕ್ಕೆ ಹೋಗಿ ಬಾನೆಟ್ಟಿನ ಮೇಲೆ ಅಂಗೈ ಇಟ್ಟೆ. ಬಿಸಿಯಾಗಿತ್ತು. ಹೊತ್ತು ಇನ್ನೂ ಏರಿರಲಿಲ್ಲ, ಗಾಲಿಗೆ ಹಸಿ ಮಣ್ಣು ಹತ್ತಿರಲಿಲ್ಲ, ನೇಗಿಲು ಬಿಚ್ಚಿ ಗೋಡೆಗೆ ಒರಗಿಸಿದ್ದರು. ನಾನು ಬರುವುದು ಗೊತ್ತಿದ್ದು ಯಾರೋ ಅರ್ಧ ಗಂಟೆ ಮೊದಲೇ ಇಂಜಿನ್ ಓಡಿಸಿ ಇಟ್ಟಿದ್ದರು. ತಣ್ಣಗಿದ್ದಾಗ ಕೆಮ್ಮುತ್ತ ಸತಾಯಿಸುವ ಇಂಜಿನ್ ಕಾವಿದ್ದಾಗ ಒಂದೇ ಸಲಕ್ಕೆ ಸ್ಟಾರ್ಟ್ ಆಗುತ್ತದೆ. ಹಳೆ ಟ್ರ್ಯಾಕ್ಟರ್ ಕೊಳ್ಳುವವರು ಇದೊಂದು ನೆನಪಿಟ್ಟುಕೊಳ್ಳಿ: ಹೇಳದೆ ಹೋಗಿ, ಬೆಳಿಗ್ಗೆ ಹೋಗಿ, ಕೀಲಿ ತಿರುಗಿಸುವ ಮೊದಲು ಕೈ ಇಟ್ಟು ನೋಡಿ.

ಬೇರೆ ದಿನವಾಗಿದ್ದರೆ ಅಷ್ಟು ಗುಟ್ಟು ಸಿಕ್ಕಿದ್ದೇ ಸಾಕಾಗಿತ್ತು, ಹೇಳಿದ ಬೆಲೆಯನ್ನು ಅರ್ಧಕ್ಕೆ ಇಳಿಸಿಬಿಡುತ್ತಿದ್ದೆ. ಆವತ್ತು ಆಗಲಿಲ್ಲ. ಬಾನೆಟ್ಟಿನ ಮೇಲೆ ಇಟ್ಟ ಕೈಯನ್ನು ತೆಗೆಯುವುದು ಮರೆತು ನಿಂತುಬಿಟ್ಟೆ. ಬೆಂಗಳೂರಿನ ಒಂದು ಶಾಲೆಯ ಬಯಲಿನಲ್ಲಿ, ನನ್ನ ಅಕ್ಕನ ಮಗ ಕೊಟ್ರೇಶನ ಬಲಭುಜದ ಮೇಲೆ ಇದೇ ಅಂಗೈ ಇಟ್ಟು "ಈಗ ಕಾವು ಬಂತು, ನಡಿ" ಅಂದಿದ್ದೆ. ಇಪ್ಪತ್ತೈದು ವರ್ಷ ಆಗಿರಬೇಕು. ತೆಲಿಗಿಯವರಿಗೆ ಆಮೇಲೆ ಹೇಳಿ ಕಳಿಸುತ್ತೇನೆಂದು ಹೇಳಿ, ಚಹಾ ಕುಡಿಯದೆ ಬಸ್ಸು ಹತ್ತಿದೆ.

ತೊಂಬತ್ತರ ದಶಕ ಮುಗಿಯುತ್ತಿದ್ದ ಆ ವರ್ಷ, ದೀಪಾವಳಿಯಿಂದ ಬೇಸಿಗೆಯವರೆಗೆ ನಡೆದದ್ದನ್ನು ಈಗ ಬರೆಯುತ್ತಿದ್ದೇನೆ. ಕೊಟ್ರೇಶ ಭಾರತಕ್ಕೆ ಆಡಿದ ಬೌಲರ್. ಎರಡೇ ಎರಡು ಒಂದು ದಿನದ ಪಂದ್ಯ. ಕ್ರಿಕೆಟ್ಟಿನ ಹುಚ್ಚು ಇರುವವರಿಗೂ ಅವನ ಹೆಸರು ಹೇಳಿದರೆ ಸ್ವಲ್ಪ ಹೊತ್ತು ಮೇಲೆ ನೋಡುತ್ತಾರೆ, ಆಮೇಲೆ ಇಲ್ಲ ಅಂತ ತಲೆ ಆಡಿಸುತ್ತಾರೆ. ಕೊಟ್ಟೂರಿನಲ್ಲಿ ಮಾತ್ರ ನೆನಪಿದೆ, ಅದೂ ಬೇರೆ ಹೆಸರಿನಿಂದ.

ನನ್ನ ಅಕ್ಕ ಹಾಲಮ್ಮ ಕೊಟ್ಟೂರು ಬಸ್ ನಿಲ್ದಾಣದ ಎದುರು ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಮಾರುತ್ತಿದ್ದಳು. ಭಾವ ತೀರಿಕೊಂಡಾಗ ಕೊಟ್ರೇಶನಿಗೆ ನಾಲ್ಕು ವರ್ಷ. ಆವತ್ತಿನಿಂದ ಆ ಮನೆಯ ದೊಡ್ಡ ಮಾತುಗಳೆಲ್ಲ ನನ್ನ ಪಾಲಿಗೆ ಬಂದವು. ಯಾವ ಶಾಲೆ, ಯಾವ ಡಾಕ್ಟರು, ಅಂಗಡಿ ಎಲ್ಲಿ ಇಡಬೇಕು, ಯಾರ ಹತ್ತಿರ ಎಣ್ಣೆ ತರಬೇಕು, ಎಲ್ಲ ಕೇಳಿ ಮಾಡುತ್ತಿದ್ದಳು. ನಾನೂ ಅವಳು ಕೇಳದಿದ್ದರೂ ಹೇಳುತ್ತಿದ್ದೆ. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟು, ಎತ್ತಿನ ಹಿಂದೆ ನಡೆದು ನಡೆದು ಮನುಷ್ಯನಾದವನು ನಾನು. ನನಗೆ ತಿಳಿದದ್ದು ಇನ್ನೊಬ್ಬರಿಗೂ ತಿಳಿಯಲಿ ಎಂಬ ಚಟ ಇವತ್ತಿಗೂ ಬಿಟ್ಟಿಲ್ಲ.

ಹುಡುಗ ಹಳೆಯ ಹತ್ತಿ ಗಿರಣಿಯ ಹಿಂದಿನ ಬಯಲಿನಲ್ಲಿ ಚೆಂಡು ಎಸೆಯುತ್ತ ಬೆಳೆದ. ಹಗರಿಬೊಮ್ಮನಹಳ್ಳಿ, ಹಡಗಲಿ, ಕೂಡ್ಲಿಗಿ, ಎಲ್ಲಿ ಟೆನಿಸ್ ಬಾಲ್ ಪಂದ್ಯ ಇದ್ದರೂ ಇವನನ್ನು ಮೋಟಾರ್ ಸೈಕಲ್ ಮೇಲೆ ಕರೆದುಕೊಂಡು ಹೋಗುವವರು ಇದ್ದರು. ಹರಪನಹಳ್ಳಿ ಕಾಲೇಜಿಗೆ ಸೇರಿದ ಮೇಲೆ ಚರ್ಮದ ಚೆಂಡು ಹಿಡಿದ. ಅಲ್ಲಿಂದ ಬಳ್ಳಾರಿ, ಬಳ್ಳಾರಿಯಿಂದ ರಾಜ್ಯದ ತಂಡ. ಅವನ ಓಟ ಉದ್ದ, ಚೆಂಡು ಕೈ ಬಿಡುವಾಗ ಮೈಯೆಲ್ಲ ಬಿಲ್ಲಿನ ಹಾಗೆ ಬಾಗುತ್ತಿತ್ತು. ಎತ್ತಿನಲ್ಲಿ ಆಗಲಿ, ಆಳಿನಲ್ಲಿ ಆಗಲಿ, ಒಳ್ಳೆ ಮಾಲು ಯಾವುದು ಅಂತ ನನಗೆ ನೋಡಿದ ಕೂಡಲೆ ತಿಳಿಯುತ್ತದೆ. ಕೊಟ್ರೇಶ ಮಾಲು.

ಆ ದೀಪಾವಳಿ ಮುಗಿದ ವಾರ ಹರಪನಹಳ್ಳಿ ಸಂತೆಯಲ್ಲಿ ನಾನು ತಂಬ್ರಹಳ್ಳಿಯ ಒಬ್ಬ ರೈತನ ಜೊತೆ ಟವೆಲ್ಲಿನ ಕೆಳಗೆ ಕೈ ಹಾಕಿದ್ದೆ. ದನದ ಸಂತೆಯಲ್ಲಿ ಬೆಲೆಯನ್ನು ಬಾಯಿಂದ ಹೇಳುವುದಿಲ್ಲ. ಕೈ ಮೇಲೆ ಟವೆಲ್ ಮುಚ್ಚಿ, ಬೆರಳು ಹಿಡಿದು, ಒತ್ತಿ ಹೇಳುತ್ತೇವೆ. ಸುತ್ತಲೂ ನಿಂತವರಿಗೆ ಮುಖ ಕಾಣುತ್ತದೆ, ಮಾತು ಕಾಣುವುದಿಲ್ಲ. ವ್ಯಾಪಾರ ಕುದುರಿ ರೈತ ಬಿಳಿ ಎತ್ತಿನ ಹಗ್ಗ ಹಿಡಿದು ಹೊರಟ ಮೇಲೆ ನೋಡುತ್ತೇನೆ, ಕೊಟ್ರೇಶ ಬೇವಿನ ಗಿಡದ ಕೆಳಗೆ ಬ್ಯಾಗು ಇಟ್ಟುಕೊಂಡು ನಿಂತಿದ್ದಾನೆ. ರಾಜ್ಯದ ಪಂದ್ಯ ಮುಗಿಸಿ ಬಂದವನು ಮನೆಗೆ ಹೋಗದೆ ನೇರ ನನ್ನ ಹತ್ತಿರ ಬಂದಿದ್ದ.

"ಮಾಮ, ನಿನ್ನ ಜೊತಿ ಒಂದು ಮಾತು ಐತಿ" ಅಂದ. "ಭುಜ ನೋಯ್ತತಿ. ಮಲಗಿದ್ರ ಈ ಮಗ್ಗಲಾಗಾಕ ಬರವಲ್ದು. ಮುಂಜಾನೆ ಎದ್ದು ಅಂಗಿ ತೋಳು ಹಾಕ್ಕೊಳ್ಳಾಕ ಆಗವಲ್ದು. ಬೌಲಿಂಗ್ ಮಾಡಿ ಮೈ ಬಿಸಿ ಆತಂದ್ರ ಏನೂ ಗೊತ್ತಾಗಂಗಿಲ್ಲ."

ದಾರಿಯಲ್ಲಿ ದಾವಣಗೆರೆಗೆ ಇಳಿದು ಡಾಕ್ಟರಿಗೆ ತೋರಿಸಿಕೊಂಡು ಬಂದಿದ್ದ. ಭುಜದೊಳಗಿನ ಸ್ನಾಯು ಸ್ವಲ್ಪ ಹರಿದಿದೆ, ಆರು ತಿಂಗಳು ಚೆಂಡು ಮುಟ್ಟಬೇಡ, ತಾನೇ ಕೂಡಿಕೊಳ್ಳುತ್ತದೆ ಅಂದಿದ್ದರಂತೆ. ಅದೇ ಹೊತ್ತಿಗೆ ತಂಡದಲ್ಲಿ ಒಂದು ಸುದ್ದಿಯೂ ಓಡಾಡುತ್ತಿತ್ತು. ಲಂಕೆಯಲ್ಲಿ ಮೂರು ದೇಶಗಳ ಪಂದ್ಯಗಳಿವೆ, ಆಯ್ಕೆಗಾರರ ಬಾಯಲ್ಲಿ ಇವನ ಹೆಸರಿದೆ ಅಂತ.

ನಾನು ಎಷ್ಟು ಹೊತ್ತು ಯೋಚನೆ ಮಾಡಿದೆ ಅಂತ ಕೇಳಿದರೆ, ಒಂದು ಬೀಡಿ ಹಚ್ಚುವಷ್ಟು.

"ಆರು ತಿಂಗಳಂದ್ರ ಏನು ಅಂತ ತಿಳಿದಿ? ನಿನ್ನ ಜಾಗದಾಗ ಬ್ಯಾರೆ ಯಾವನರ ಬಂದು ನಿಂತಿರ್ತಾನ. ಅವನ್ನ ಎಬ್ಬಿಸಿ ನಿನ್ನ ಯಾರೂ ಕುಂದ್ರಸಂಗಿಲ್ಲ."

"ಡಾಕ್ಟ್ರು ಹೇಳ್ಯಾರಲ್ಲ ಮಾಮ."

"ಡಾಕ್ಟ್ರು ನಿನ್ನ ಭುಜ ನೋಡ್ಯಾರ. ನಸೀಬ ನೋಡ್ಯಾರೇನು?"

ಆಮೇಲೆ ನನ್ನ ಕಸುಬಿನ ಗುಟ್ಟು ಅವನಿಗೆ ಹೇಳಿದೆ. ಹೆಗಲು ಹಿಡಿದುಕೊಂಡ ಎತ್ತು ಬೆಳಿಗ್ಗೆ ಎದ್ದಾಗ ಕುಂಟುತ್ತದೆ. ಅದನ್ನು ಹಾಗೇ ಸಂತೆಗೆ ತಂದರೆ ಮುಟ್ಟುವವರಿಲ್ಲ. ಬೆಳಕು ಹರಿಯುವ ಮೊದಲು ಬಿಸಿ ಔಡಲೆಣ್ಣೆ ತಿಕ್ಕಿ, ಉಪ್ಪಿನ ಗಂಟಿನಿಂದ ಶಾಖ ಕೊಟ್ಟು, ಎರಡು ಮೈಲಿ ಮೆತ್ತನೆ ನೆಲದಲ್ಲಿ ನಡೆಸಬೇಕು. ಕಾವು ಬಂತೆಂದರೆ ಕುಂಟು ಹೋಗುತ್ತದೆ. ಮೇಲೆ ಕಂಬಳಿ ಹೊದಿಸಿ ಸಂತೆಗೆ ತಂದು, ಗಿರಾಕಿ ಬಂದಾಗ ಕಂಬಳಿ ತೆಗೆಯಬೇಕು. ಕಾವು ಇಳಿಯುವುದರೊಳಗೆ ಹಗ್ಗ ಕೈ ಬದಲಾಗಿರಬೇಕು. ಇದನ್ನು ಮೋಸ ಅಂತ ನಾವು ಯಾರೂ ಅನ್ನುತ್ತಿರಲಿಲ್ಲ. ಕೊಳ್ಳುವವನಿಗೂ ಕಣ್ಣಿದೆ, ಅವನೂ ನಾಳೆ ಮಾರುವವನೇ.

ಕೊಟ್ರೇಶ ದೂರದಲ್ಲಿ ಹೋಗುತ್ತಿದ್ದ ಬಿಳಿ ಎತ್ತನ್ನು ನೋಡುತ್ತಿದ್ದ. ಹುಷಾರಿ ಹುಡುಗ.

"ಅದು ನಾಳೆ ಕುಂಟ್ತತಿ, ಅಲ್ಲ ಮಾಮ?"

"ಕುಂಟ್ತತಿ. ನಾಳೆ."

"ಆಮ್ಯಾಲ ಏನು ಮಾಡ್ತಾರ?"

"ಕೊಂಡಾವ್ರು ನೋಡ್ಕೊಂತಾರ" ಅಂದೆ.

ಅವನು ನಕ್ಕ. ನಾನೂ ನಕ್ಕೆ. ಯಾರಿಗೂ ಹೇಳಬೇಡ, ಅವ್ವನಿಗಂತೂ ಹೇಳಲೇಬೇಡ, ಅವಳು ಬಸ್ ನಿಲ್ದಾಣದಲ್ಲಿ ಕೂತವಳು, ಮಾತು ಮುಂದಿನ ಬಸ್ಸಿಗೇ ಬಳ್ಳಾರಿ ಸೇರುತ್ತದೆ ಅಂದೆ. ಹೂಂ ಅಂದ. ಡಾಕ್ಟರು ಬರೆದುಕೊಟ್ಟ ಚೀಟಿಯನ್ನು ನನ್ನ ಕೈಗೇ ಕೊಟ್ಟ. ಅದನ್ನು ಹರಿದು ಬಿಸಾಕಿದವನು ನಾನು.

ಅಕ್ಕನಿಗೆ ಅನುಮಾನ ಬರದೆ ಇರಲಿಲ್ಲ. ಒಂದು ದಿನ ಬಾಣಲೆಯಲ್ಲಿ ಮೆಣಸಿನಕಾಯಿ ತಿರುವುತ್ತಿದ್ದವಳು ನನ್ನನ್ನು ಹತ್ತಿರ ಕರೆದಳು.

"ತಮ್ಮಾ, ಅವನು ಎಡಗೈಲೆ ತಲಿ ಬಾಚ್ಕೊಂತಾನ. ಉಣ್ಣೂ ಮುಂದಾನೂ ಕೈ ಮ್ಯಾಲೆತ್ತಂಗಿಲ್ಲ. ಕೈಗೇನರ ಆಗೇತೇನು? ನನಗ ಸುಳ್ಳು ಹೇಳ್ತಾನ, ನಿನಗ ಹೇಳಂಗಿಲ್ಲ."

"ಬೌಲರ್ ಆದವ್ರು ಎಲ್ಲಾರೂ ಹಂಗ ಮಾಡ್ತಾರಕ್ಕ. ಬಲಗೈ ಜ್ವಾಪಾನ ಮಾಡ್ಕೋಬೇಕು ಅವ್ರು. ನೀ ನಿನ್ನ ಬಾಣಲಿ ನೋಡ್ಕೋ."

ಪೂರ್ತಿ ನಂಬಿದಳು. ನಾನು ಹೇಳಿದ್ದನ್ನು ನಂಬದೆ ಇದ್ದು ಅವಳಿಗೆ ರೂಢಿಯೇ ಇರಲಿಲ್ಲ. ಆಮೇಲೆ ಗಿರಾಕಿಗಳಿಗೆ ತಾನೇ ಹೇಳತೊಡಗಿದಳು, ನನ್ನ ಮಗ ಮನೆಯಲ್ಲಿ ಬಲಗೈ ಬಳಸುವುದೇ ಇಲ್ಲ, ಅದನ್ನು ದೇಶಕ್ಕೆ ಇಟ್ಟಿದ್ದಾನೆ ಅಂತ. ಜನ ಮಂಡಕ್ಕಿ ಮೆಲ್ಲುತ್ತ ಹೌದೌದು ಅನ್ನುತ್ತಿದ್ದರು.

ಸಂಕ್ರಾಂತಿ ಕಳೆದು ಬೆಂಗಳೂರಿನಿಂದ ಕರೆ ಬಂತು. ತಂಡ ಆರಿಸುವ ಮೊದಲು ಶಿಬಿರ, ಅದರ ಮೊದಲ ದಿನ ಫಿಟ್‌ನೆಸ್ ಪರೀಕ್ಷೆ. ನಾನೂ ಜೊತೆಗೆ ಹೊರಟೆ. ಒಂದು ಶೀಸೆ ಔಡಲೆಣ್ಣೆ, ಸೇರು ಕಲ್ಲುಪ್ಪು, ಹಳೆ ಧೋತರದ ಬಟ್ಟೆ, ಒಂದು ಕರಿ ಕಂಬಳಿ, ಇಷ್ಟು ನನ್ನ ಚೀಲದಲ್ಲಿ. ಬಸ್ ನಿಲ್ದಾಣದ ಹತ್ತಿರದ ಲಾಡ್ಜಿನಲ್ಲಿ ಇಳಿದು, ಅಡುಗೆಯವನನ್ನು ಮಾತಾಡಿಸಿ ಒಲೆ ಗೊತ್ತು ಮಾಡಿಕೊಂಡೆ. ಬೆಳಗಿನ ಐದಕ್ಕೆ ಎಣ್ಣೆ ಕಾಯಿಸಿ ತಂದೆ. ಕೋಣೆಯ ತುಂಬ ಆ ವಾಸನೆ. ಭುಜಕ್ಕೆ ಕೈ ಹಾಕಿದಾಗ ಅವನು ಹಲ್ಲು ಕಚ್ಚಿ ಗೋಡೆ ನೋಡುತ್ತಿದ್ದ. ಭುಜ ತಣ್ಣಗೆ, ಗಟ್ಟಿಯಾಗಿ, ಹಿಡಿದ ಹೆಗಲಿನ ಹಾಗೇ ಇತ್ತು. ಎತ್ತಿನ ಹೆಗಲನ್ನು ಎಷ್ಟೋ ಸಲ ಹೀಗೆ ತಿಕ್ಕಿದ್ದೇನೆ. ಅವೂ ಹೀಗೇ ಗೋಡೆ ನೋಡುತ್ತವೆ.

ಲಾಡ್ಜಿನ ಹಿಂದೆ ಒಂದು ಶಾಲೆಯ ಬಯಲಿತ್ತು. ಮೊದಲು ನಡೆಸಿದೆ, ಆಮೇಲೆ ಓಡಿಸಿದೆ. ಆಮೇಲೆ ಗೋಡೆಗೆ ಬಾಲ್ ಹಾಕಿಸಿದೆ. ಮೊದಲು ಮೆಲ್ಲಗೆ, ಹೋಗುತ್ತ ಹೋಗುತ್ತ ಜೋರಾಗಿ. ಧೋತರ ಉಟ್ಟವನು ಚೆಂಡು ಹೆಕ್ಕಿ ಹೆಕ್ಕಿ ಕೊಡುವುದನ್ನು ನೋಡಿ ಹಾಲಿನವನು ಸೈಕಲ್ ನಿಲ್ಲಿಸಿ ನಕ್ಕ. ಒಂದು ಗಂಟೆಗೆ ಭುಜ ಬಿಸಿಯಾಯಿತು. ಅಂಗೈ ಇಟ್ಟು ನೋಡಿದೆ. ಕಾವು ಬಂತು, ನಡಿ ಅಂದೆ. ಆಟೋದಲ್ಲಿ ಕಂಬಳಿ ಹೊದಿಸಿ ಕೂರಿಸಿಕೊಂಡು ಹೋದೆ, ಗಾಳಿಗೆ ತಣ್ಣಗಾಗದಿರಲಿ ಅಂತ. ಮೈದಾನದ ಬಾಗಿಲಲ್ಲಿ ಕಂಬಳಿ ತೆಗೆದೆ.

ಅವನು ಪಾಸಾದ. ಅಲ್ಲಿದ್ದ ಡಾಕ್ಟರು ಕೈ ಎತ್ತಿಸಿದರಂತೆ, ಹಿಂದೆ ತಿರುಗಿಸಿದರಂತೆ, ನೋವಿದೆಯಾ ಅಂತ ಕೇಳಿದರಂತೆ. ಇಲ್ಲ ಸರ್ ಅಂದನಂತೆ. ಮಧ್ಯಾಹ್ನ ಹೋಟೆಲಿನಲ್ಲಿ ಕಾವು ಇಳಿದಿತ್ತು, ದೋಸೆ ಮುರಿಯಲು ಬಲಗೈ ಏಳಲಿಲ್ಲ. ನಾನು ಅವನಿಗೆ ಆಗಲೂ ಬುದ್ಧಿ ಹೇಳಿದೆ. ಎಡಗೈಯಲ್ಲಿ ತಿನ್ನು, ಯಾರಾದರೂ ನೋಡಿದರೆ ಬಲಗೈ ಬೆರಳಿಗೆ ಗಾಯ ಅನ್ನು ಅಂತ.

ಪತ್ರಿಕೆಯಲ್ಲಿ ಹೆಸರು ಬಂದ ದಿನ ಕೊಟ್ಟೂರಿನಲ್ಲಿ ಪಟಾಕಿ ಹೊಡೆದರು. ಹಡಗಲಿಯಿಂದ ಯಾರೋ ಮಲ್ಲಿಗೆಯ ಹಾರ ತಂದರು, ಕೂಡ್ಲಿಗಿಯಿಂದ ಜೀಪಿನಲ್ಲಿ ಬಂದವರು ಅವನನ್ನು ಹೆಗಲ ಮೇಲೆ ಹೊತ್ತರು. ಕೆಳಗಿಳಿಸುವಾಗ ಬಲಗೈ ಹಿಡಿದು ಎಳೆದರು. ಅವನ ಕಣ್ಣಲ್ಲಿ ನೀರು ಯಾಕೆ ಬಂತೆಂದು ನನಗೊಬ್ಬನಿಗೇ ಗೊತ್ತಿತ್ತು. ಜನ ಅದನ್ನು ಸಂತೋಷದ ಅಳು ಅಂದುಕೊಂಡರು. ಫೋಟೊದಲ್ಲಿ ಅವನ ಪಕ್ಕ ನಾನೇ ನಿಂತಿದ್ದೇನೆ. ಮಕ್ಕಳನ್ನು ಬೌಲರ್ ಮಾಡುವುದು ಹೇಗೆ ಅಂತ ಕೇಳಿದವರಿಗೆಲ್ಲ ಹೇಳುತ್ತಿದ್ದೆ. ಏನು ತಿನ್ನಿಸಬೇಕು, ಎಷ್ಟು ಓಡಿಸಬೇಕು, ಯಾರನ್ನು ಹಿಡಿಯಬೇಕು ಅಂತ.

ಹೊರಡುವ ದಿನ ಬಸ್ಸಿನ ಬಾಗಿಲಲ್ಲಿ ಅವನು ಕೇಳಿದ, "ಮಾಮ, ಅಲ್ಲಿ ಉಪ್ಪಿನ ಗಂಟು ಯಾರು ಕಾಯಿಸಿ ಕೊಡ್ತಾರ?"

"ನೀನ ಕಾಯಿಸ್ಕೋ. ಕೈಯಾಗ ಬಾಲ್ ಬರೂತನಕ ಕಾವು ಬಿಡಬ್ಯಾಡ" ಅಂದೆ.

ಮೊದಲ ಪಂದ್ಯದ ದಿನ ಬಸ್ ನಿಲ್ದಾಣದ ಎದುರು, ಎಸ್‌ಟಿಡಿ ಬೂತಿನ ಕಟ್ಟೆಯ ಮೇಲೆ ಟಿವಿ ಇಟ್ಟಿದ್ದೆವು. ಕರೆಂಟಿನ ನಂಬಿಕೆ ಇರಲಿಲ್ಲ, ಟ್ರ್ಯಾಕ್ಟರಿನ ಬ್ಯಾಟರಿಯೂ ಸಿದ್ಧವಿತ್ತು. ಇನ್ನೂರು ಜನ ಕೂತಿರಬೇಕು. ಬಸ್ಸು ಬಂದರೆ ಡ್ರೈವರೂ ಇಳಿದು ನಿಲ್ಲುತ್ತಿದ್ದ. ಅಕ್ಕ ಮಾತ್ರ ಟಿವಿಗೆ ಬೆನ್ನು ಮಾಡಿ ಮೆಣಸಿನಕಾಯಿ ಕರಿಯುತ್ತಿದ್ದಳು. ನೋಡಿದರೆ ಎದೆ ಹೊಡೆದುಕೊಳ್ಳುತ್ತದೆ ಅನ್ನುತ್ತಿದ್ದಳು. ಜನ ಕೂಗಿದಾಗ ತಲೆ ಎತ್ತಿ "ಹೊಡದ್ನೇನು, ಹೊಡಿಸ್ಕೊಂಡ್ನೇನು?" ಅಂತ ಕೇಳುವಳು. ಆ ದಿನ ಕೊಟ್ರೇಶ ಇಬ್ಬರನ್ನು ಔಟ್ ಮಾಡಿದ. ಎರಡನೆಯವನ ಸ್ಟಂಪು ಕಿತ್ತು ಹಾರಿದಾಗ ಬೂತಿನ ಮಂಜಣ್ಣ ಕಟ್ಟೆಯಿಂದ ಕೆಳಗೆ ಹಾರಿ, ಅಕ್ಕನ ಕಾಲು ಮುಟ್ಟಿ ನಮಸ್ಕಾರ ಮಾಡಿದ. ಅಕ್ಕ ಅವನಿಗೆ ನಾಲ್ಕು ಮೆಣಸಿನಕಾಯಿ ಕೊಟ್ಟಳು.

ನಾನು ಸಂತೋಷಪಡಲಿಲ್ಲ ಅಂದರೆ ಸುಳ್ಳಾಗುತ್ತದೆ. ಜೀವನದಲ್ಲಿ ಅಷ್ಟು ಸಂತೋಷ ಮತ್ತೆ ಪಡಲಿಲ್ಲ. ಕೊನೆಯ ಓವರ್ ಮುಗಿಸಿ ಬೌಂಡರಿ ಗೆರೆಯ ಕಡೆ ನಡೆಯುವಾಗ ಅವನು ಎಡಗೈಯಿಂದ ಬಲಮೊಣಕೈಯನ್ನು ಕೆಳಗಿನಿಂದ ಎತ್ತಿ ಹಿಡಿದುಕೊಂಡದ್ದನ್ನೂ ನೋಡಿದೆ.

ಎರಡನೆಯ ಪಂದ್ಯಕ್ಕೆ ಜನ ಇನ್ನೂ ಹೆಚ್ಚು. ನಮ್ಮವರು ಬೌಲಿಂಗಿಗೆ ಇಳಿಯುವ ಮೊದಲು ಟಿವಿಯಲ್ಲಿ ಮೋಡ ಕವಿಯಿತು, ಮಳೆ ಬಂತು. ಮೈದಾನಕ್ಕೆ ಹೊದಿಕೆ ಹಾಸಿದರು. ಆಟಗಾರರೆಲ್ಲ ಒಳಗೆ ಹೋದರು. ಇಲ್ಲಿ ಜನಕ್ಕೆ ಅದೂ ಹಬ್ಬ. ಅಕ್ಕನಿಗೆ ಕರಿದಷ್ಟೂ ಸಾಲದು. ಹೊರಗೆ ನಮ್ಮೂರ ಬಿಸಿಲು, ಒಳಗೆ ಟಿವಿಯಲ್ಲಿ ಮಳೆ. ನಾನು ಮಾತ್ರ ಗಡಿಯಾರ ನೋಡುತ್ತಿದ್ದೆ. ಅರ್ಧ ಗಂಟೆ. ಮುಕ್ಕಾಲು. ಕಾವು ಇಳಿಯುತ್ತಿದೆ ಅಂತ ನನಗೆ ಗೊತ್ತು. ಅಲ್ಲಿ ಎಲ್ಲೋ ಒಂದು ಕೋಣೆಯಲ್ಲಿ, ಇಡೀ ತಂಡದ ನಡುವೆ, ಅವನು ಉಪ್ಪಿನ ಗಂಟು ಹೇಗೆ ಹೊರಗೆ ತೆಗೆದಾನು? ಒಂದೂವರೆ ಗಂಟೆ. ಪಕ್ಕದವನು ತಮಾಷೆಗೆ, ಯಾಕೆ ಈರಣ್ಣ, ಮಳೆಗೆ ನೀನೇ ನೆನೆದವನ ಹಾಗೆ ಕೂತಿದ್ದೀಯಲ್ಲ ಅಂದ.

ಮಳೆ ನಿಂತು ಆಟ ಶುರುವಾದ ಕೂಡಲೆ ನಾಯಕ ಚೆಂಡನ್ನು ಕೊಟ್ರೇಶನಿಗೆ ಕೊಟ್ಟ. ಮೊದಲ ಪಂದ್ಯದ ನಂಬಿಕೆ. ಅವನ ಓಟ ಅದೇ ಉದ್ದ ಇತ್ತು, ಚೆಂಡು ಕೈ ಬಿಡುವಾಗ ಮೈ ಬಿಲ್ಲಿನ ಹಾಗೆ ಬಾಗಲಿಲ್ಲ. ಚೆಂಡು ಮೆಲ್ಲಗೆ ಹೋಗಿ ಬಿತ್ತು. ಬೌಂಡರಿ. ಎರಡನೆಯದೂ ಹಾಗೇ. ಎರಡನೇ ಓವರಿನಲ್ಲಿ ಒಂದು ಬಾಲನ್ನು ಅವನು ಇದ್ದಬದ್ದ ಶಕ್ತಿಯೆಲ್ಲ ಹಾಕಿ ಎಸೆದ. ಅದೊಂದು ಮಾತ್ರ ವೇಗವಾಗಿತ್ತು. ಎಸೆದ ಮೇಲೆ ಬಗ್ಗಿ, ಬೂಟಿನ ದಾರ ಕಟ್ಟುವವನ ಹಾಗೆ ಬಹಳ ಹೊತ್ತು ಕೂತ. ದಾರ ಬಿಚ್ಚಿರಲಿಲ್ಲ. ಏನೋ ಒಳಗೆ ಕಿತ್ತು ಹೋದದ್ದು ಆ ಬಾಲಿಗೇ ಇರಬೇಕು ಅಂತ ಆಮೇಲೆ ಅವನೇ ಹೇಳಿದ. ಮೂರು ಓವರಿಗೇ ಅವನ ಕೈಯಿಂದ ಚೆಂಡು ತೆಗೆದುಕೊಂಡರು. ಲಯ ತಪ್ಪಿದೆ ಅಂತ ಟಿವಿಯವರು ಅಂದರು. ನಮ್ಮ ಕಟ್ಟೆಯ ಮೇಲೆ ಒಬ್ಬ, ಒಂದು ಪಂದ್ಯಕ್ಕೇ ಸೊಕ್ಕು ಬಂತು ಅಂದ. "ಹೊಡಿಸ್ಕೊಂಡ್ನೇನು?" ಅಂತ ಅಕ್ಕ ಕೇಳಿದಳು.

ಉಳಿದ ಪಂದ್ಯಗಳಲ್ಲಿ ಅವನನ್ನು ಹೊರಗೆ ಕೂರಿಸಿದರು. ಶಿವರಾತ್ರಿ ಕಳೆದು ಊರಿಗೆ ಬಂದ. ಮಾರನೆಯ ದಿನ ಇಬ್ಬರೂ ಕೆಲಸದ ನೆವ ಹೇಳಿ ದಾವಣಗೆರೆಗೆ ಹೋದೆವು. ಅದೇ ಡಾಕ್ಟರು. ಕೈಯನ್ನು ಮೆಲ್ಲಗೆ ಎತ್ತಿ, ಬಿಟ್ಟರು. ಅದು ತಾನಾಗಿ ಕೆಳಗೆ ಬಿತ್ತು. ಆವಾಗ ಸ್ವಲ್ಪ ಹರಿದಿತ್ತು, ಸುಮ್ಮನೆ ಬಿಟ್ಟಿದ್ದರೆ ಕೂಡುತ್ತಿತ್ತು, ಈಗ ಕೂಡಲು ಏನೂ ಉಳಿದಿಲ್ಲ ಅಂದರು. ಮನೆ ಕೆಲಸಕ್ಕೆ ಕೈ ಬರುತ್ತದೆ, ಜೋರಾಗಿ ಚೆಂಡು ಎಸೆಯಲು ಇನ್ನು ಯಾವತ್ತೂ ಬರುವುದಿಲ್ಲ. ಆಮೇಲೆ ಕನ್ನಡಕ ತೆಗೆದು ಕೇಳಿದರು, ಆಡು ಅಂತ ನಿನಗೆ ಹೇಳಿದವರು ಯಾರು?

"ಯಾರೂ ಇಲ್ರಿ ಸರ್" ಅಂದ ಕೊಟ್ರೇಶ. "ನನಗ ಆಸಿ ಇತ್ತು."

ನಾನು ಅವನ ಪಕ್ಕದ ಕುರ್ಚಿಯಲ್ಲೇ ಕೂತಿದ್ದೆ.

ಬರುವಾಗ ಬಸ್ಸಿನಲ್ಲಿ ತಪ್ಪಾಯಿತು ಅಂತ ಹೇಳಬೇಕೆಂದು ಬಾಯಿ ತೆರೆದೆ. ಬಂದದ್ದು ಬೇರೆ. ಸ್ಪಿನ್ ಹಾಕುವುದನ್ನು ಕಲಿ, ಅದಕ್ಕೆ ಭುಜ ಅಷ್ಟು ಬೇಕಾಗಲಿಕ್ಕಿಲ್ಲ ಅಂದೆ. ಅವನು ಕಿಟಕಿಯ ಕಡೆ ತಿರುಗಿ ನಕ್ಕ. ನಗು ನಿಲ್ಲಲಿಲ್ಲ, ಹರಪನಹಳ್ಳಿ ಬರುವವರೆಗೂ ಬೆನ್ನು ಅಲುಗುತ್ತಿತ್ತು. ಅದು ನಗು ಅಲ್ಲ ಅಂತ ನನಗೆ ತಿಳಿಯಲು ಅಷ್ಟು ದೂರ ಹಿಡಿಯಿತು. ಅಲ್ಲಿಯವರೆಗೆ ನಾನು ನೂರಾರು ಎತ್ತು ಮಾರಿದ್ದೆ. ಕುಂಟಿದ್ದು ಯಾವಾಗಲೂ ಇನ್ನೊಬ್ಬರ ಅಂಗಳದಲ್ಲಿ. ಈ ವ್ಯಾಪಾರದಲ್ಲಿ ಕೊಂಡವರು ಎರಡು ಪಂದ್ಯ ಆಡಿಸಿ ತಿರುಗಿ ನಮ್ಮ ಮನೆಗೇ ಕಟ್ಟಿ ಹೋಗಿದ್ದರು.

ಆ ಬೇಸಿಗೆ ಬಹಳ ಉದ್ದ ಇತ್ತು. ಗಿರಣಿಯ ಹಿಂದಿನ ಬಯಲಿನ ಹುಡುಗರು ಬಂದು ಕರೆದರೆ ಕೊಟ್ರೇಶ ವಿಶ್ರಾಂತಿ ಅನ್ನುತ್ತಿದ್ದ. ಅಕ್ಕ ಅವನ ಬಿಳಿ ಬಟ್ಟೆಗಳನ್ನು ನೀಲಿ ಹಾಕಿ ಒಗೆದು, ಇಸ್ತ್ರಿ ಮಾಡಿಸಿ ಬ್ಯಾಗಿಗೆ ತುಂಬಿ ಬಾಗಿಲ ಹಿಂದೆ ಇಟ್ಟಿದ್ದಳು. ತಂಡದವರ ಹತ್ತಿರ ಇದ್ದದ್ದು ಮಂಜಣ್ಣನ ಬೂತಿನ ನಂಬರು. ಅಲ್ಲಿ ಗಂಟೆ ಬಾರಿಸಿದಾಗಲೆಲ್ಲ ಅವಳು ಜಾಲರಿ ಸೌಟನ್ನು ಬಾಣಲೆಯ ಮೇಲೆ ಎತ್ತಿ ಹಿಡಿದು ಮಂಜಣ್ಣನ ಮುಖ ನೋಡುವಳು. ಅವನು ಕೈ ಆಡಿಸಿದರೆ ಸೌಟು ಕೆಳಗೆ ಇಳಿಯುತ್ತಿತ್ತು. ಅವಳಿಗೆ ಇವತ್ತು ಹೇಳುತ್ತೇನೆ, ನಾಳೆ ಹೇಳುತ್ತೇನೆ ಅಂತ ನಾನೂ ದಿನ ತಳ್ಳಿದೆ.

ಒಂದು ಮಧ್ಯಾಹ್ನ ಫೋನು ನಿಜವಾಗಿಯೂ ಬಂತು. ಮಂಜಣ್ಣ ಓಡಿ ಬಂದ. ನಾವಿಬ್ಬರೂ ಅಂಗಡಿಯ ನೆರಳಿನಲ್ಲೇ ಇದ್ದೆವು. ಕೊಟ್ರೇಶ ನನ್ನ ಅಂಗಿ ಹಿಡಿದು ಬೂತಿನೊಳಗೆ ಎಳೆದುಕೊಂಡ. ಗಾಜಿನ ಬಾಗಿಲು ಮುಚ್ಚಿದ. ಹೊರಗೆ ಅಕ್ಕ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು ನಿಂತಳು. ಅವಳಿಗೆ ನಾವು ಕಾಣುತ್ತಿದ್ದೆವು, ಮಾತು ಕೇಳುತ್ತಿರಲಿಲ್ಲ.

ಅತ್ತ ಕಡೆಯವರ ದನಿ ದೊಡ್ಡದು, ನನಗೂ ಕೇಳಿಸಿತು. ಇಬ್ಬರು ಬೌಲರುಗಳಿಗೆ ಪೆಟ್ಟಾಗಿದೆ, ಮುಂದಿನ ವಾರ ನಮ್ಮ ದೇಶದಲ್ಲೇ ಪಂದ್ಯ, ಎರಡು ದಿನದಲ್ಲಿ ಬಂದು ಸೇರುತ್ತೀಯಾ, ಫಿಟ್ ಇದ್ದೀಯಾ?

ಕೊಟ್ರೇಶ ರಿಸೀವರಿನ ಬಾಯಿ ಮುಚ್ಚಿ ನನ್ನನ್ನು ನೋಡಿದ.

ನಾಚಿಕೆ ಬಿಟ್ಟು ಬರೆಯುತ್ತೇನೆ. ಆ ಕ್ಷಣಕ್ಕೆ ನನ್ನ ತಲೆಯಲ್ಲಿ ಎಣ್ಣೆ ಕಾಯುತ್ತಿತ್ತು. ಎರಡು ದಿನ ಇದೆ, ಲಾಡ್ಜು ಅದೇ, ಶಾಲೆಯ ಬಯಲು ಅದೇ, ಈ ಸಲ ಎರಡು ಗಂಟೆ ಮೊದಲು ಎಬ್ಬಿಸಬೇಕು, ಇಷ್ಟೆಲ್ಲ ಸಾಲಾಗಿ ಬಂದು ನಿಂತವು. ಅವನ ಕಣ್ಣಲ್ಲಿ ಅದು ಕಂಡಿತೋ ಏನೋ. ನಾನು ಕಣ್ಣು ಕೆಳಗೆ ಹಾಕಿದೆ. ಜೀವನದಲ್ಲಿ ಯಾರಾದರೂ ಕೇಳಿದಾಗ ನನ್ನ ಬಾಯಿಂದ ಮಾತು ಬಾರದೆ ಹೋದದ್ದು ಅದೊಂದೇ ಸಲ.

ಅವನು ಕೈ ತೆಗೆದು, ಬರುವುದಿಲ್ಲ ಸರ್ ಅಂದ. ಯಾಕೆ ಅಂತ ಕೇಳಿ ಎರಡು ಸಲ ಕೂಗಿದರು. ಬರುವುದಿಲ್ಲ ಸರ್ ಅಂತಲೇ ಹೇಳಿ ಇಟ್ಟುಬಿಟ್ಟ.

"ಭುಜದ ಮಾತು ಹೇಳ್ಬಾರ್ದೇನು ಕೊಟ್ರ?" ಅಂದೆ.

"ಹೇಳಿದ್ರ ಪೇಪರ್‌ನಾಗ ಬರ್ತತಿ. ಯಾವಾಗಿಂದ ನೋವಿತ್ತು ಅಂತ ಅವ್ವ ಕೇಳ್ತಾಳ. ಆಮ್ಯಾಲ ನಿನ್ನ ಮಾರಿ ನೋಡಂಗಿಲ್ಲ ಆಕಿ. ಆಕಿಗೆ ತವರಂದ್ರ ನೀನೊಬ್ಬನ ಅದಿ, ಮಾಮ." ಅಷ್ಟು ಹೇಳಿ ಬಾಗಿಲು ತೆಗೆದ.

"ಏನಂದ್ರೋ?" ಅಂದಳು ಅಕ್ಕ.

"ಬರ್ತಿಯೇನು ಅಂದ್ರವ್ವ. ಒಲ್ಲೆ ಅಂದೆ."

"ದೇಶದಾವ್ರು ಕರದ್ರ ಒಲ್ಲೆ ಅಂದ್ಯಾ?" ಅಂದವಳು ನನ್ನ ಕಡೆ ತಿರುಗಿದಳು. "ನೀ ಒಳಗ ಇದ್ದೆಲ್ಲ ತಮ್ಮಾ."

ಹೇಳಲು ಅದಕ್ಕಿಂತ ಒಳ್ಳೆಯ ಹೊತ್ತು ನನಗೆ ಮತ್ತೆ ಸಿಗಲಿಲ್ಲ. "ಅವನ ಇಷ್ಟ ಅಕ್ಕ" ಅಂದೆ.

ಮೂರು ದಿನ ಅವಳು ಒಲೆ ಹಚ್ಚಲಿಲ್ಲ. ನಾಲ್ಕನೇ ದಿನ ಬ್ಯಾಗಿನ ಬಿಳಿ ಬಟ್ಟೆಗಳನ್ನು ತೆಗೆದು ಬಾಣಲೆ ಹಿಡಿಯುವ ಮಸಿಬಟ್ಟೆ ಮಾಡಿಕೊಂಡಳು. ಊರು ಸುಮ್ಮನಿರಲಿಲ್ಲ. ಹೆಗಲ ಮೇಲೆ ಹೊತ್ತವರೇ ಅವನಿಗೆ ಒಲ್ಲೆ ಕೊಟ್ರ ಅಂತ ಹೆಸರಿಟ್ಟರು. ಬಸ್ಸಿನಿಂದ ಇಳಿದರೆ ಯಾರಾದರೂ "ಏ ಒಲ್ಲೆ, ಬರ್ತಿಯೇನು ಆಡಾಕ?" ಅನ್ನುವರು, ಉಳಿದವರು ನಗುವರು. ಅವನು ಹಡಗಲಿಗೆ ಹೋಗಿ ಮಲ್ಲಿಗೆ ವ್ಯಾಪಾರಿಯೊಬ್ಬರ ವ್ಯಾನ್ ಓಡಿಸುವ ಕೆಲಸ ಹಿಡಿದ. ಯಾಕೆ ಅದೇ ಕೆಲಸ ಅಂತ ಒಮ್ಮೆ ಕೇಳಿದೆ. ಹೂವಿನ ಬುಟ್ಟಿ ಹಗುರ ಇರುತ್ತದೆ ಅಂದ. ಜನ ಅವನನ್ನು ಆಡಿಕೊಂಡಾಗ ನಾನು ಎದ್ದು ನಿಂತು, ಸುಮ್ಮನಿರ್ರಿ, ಹುಡುಗನ ಭುಜ ಕೆಡಿಸಿದವನು ನಾನು ಅಂತ ಹೇಳಬಹುದಿತ್ತು. ಎಷ್ಟೋ ಸಲ ಎದ್ದಿದ್ದೇನೆ. ಎದ್ದು ಮನೆಗೆ ಹೋಗಿದ್ದೇನೆ.

ಏಳೆಂಟು ವರ್ಷದ ಮೇಲೆ ಅಕ್ಕನಿಗೆ ಹೊಟ್ಟೆಯ ಕಾಯಿಲೆ ಬಂತು. ಹರಪನಹಳ್ಳಿಯ ಆಸ್ಪತ್ರೆಯಲ್ಲಿ ಇಟ್ಟಿದ್ದೆವು. ಕೊಟ್ರೇಶ ವ್ಯಾನ್ ಬಿಟ್ಟು ಬಂದು ತಿಂಗಳುಗಟ್ಟಲೆ ಅವಳ ಪಕ್ಕದಲ್ಲಿದ್ದ. ಇನ್ನು ಬಹಳ ದಿನ ಇಲ್ಲ ಅಂತ ಡಾಕ್ಟರು ಹೇಳಿದ ಮಾರನೆಯ ದಿನ, ಮಧ್ಯಾಹ್ನ, ಅವಳಿಗೆ ಎಚ್ಚರ ಚೆನ್ನಾಗಿತ್ತು. ಅವನು ಔಷಧಿ ತರಲು ಹೋಗಿದ್ದ. ಈಗ ಹೇಳಿಬಿಡಬೇಕು ಅಂತ ಸ್ಟೂಲನ್ನು ಮಂಚದ ಹತ್ತಿರ ಎಳೆದುಕೊಂಡೆ. ಅಕ್ಕ ಅಂದೆ.

ಅವಳು ನನ್ನ ಕೈ ಹಿಡಿದುಕೊಂಡಳು. "ನನಗ ಒಂದ ಕೊರಗು ತಮ್ಮಾ. ನನ್ನ ಮಗನ ಕೈಯಾಗ ಅಷ್ಟು ಇತ್ತು. ಸೊಕ್ಕಿಲೆ ಕಳ್ಕೊಂಡ. ನಾ ಓದಿದಾಕಿ ಅಲ್ಲ, ನನಗ ತಿಳಿಲಿಲ್ಲ. ನೀನರ ಅವಂಗ ಬುದ್ಧಿ ಹೇಳ್ಬೇಕಾಗಿತ್ತು."

ಕೊಟ್ರೇಶ ಔಷಧಿಯ ಪೊಟ್ಟಣ ಹಿಡಿದು ಬಾಗಿಲಲ್ಲಿ ನಿಂತಿದ್ದ. ಯಾವಾಗ ಬಂದನೋ ಗೊತ್ತಿಲ್ಲ. ಅವನು ನನ್ನ ಕಡೆ ನೋಡಿ, ಬೇಡ ಅನ್ನುವ ಹಾಗೆ ತಲೆ ಆಡಿಸಿದ.

"ಹೌದಕ್ಕ" ಅಂದೆ. "ಹೇಳ್ಬೇಕಾಗಿತ್ತು."